ಚಾಪೆ ಎದ್ದು ಬರುವ ಆಟ

ಹೋದ ದೀಪಾವಳಿಗೆ ಬಂದಾಗ ನೀವಿಬ್ಬರು ಮೊಬೈಲಿನಲ್ಲಿ ನನಗೊಂದು ವಿಡಿಯೋ ತೋರಿಸಿದಿರಿ. ಯಾವುದೋ ದೇಶದ ಕಾಡಿನಲ್ಲಿ ಗಡ್ಡ ಬಿಟ್ಟ ಗಂಡಸರು ರಟ್ಟಿನ ಕತ್ತಿ ಹಿಡಿದುಕೊಂಡು ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಓಡುತ್ತಿದ್ದರು. ಹೀಗೆ ಬೇರೆ ಪಾತ್ರವಾಗಿ ಆಡುವ ಆಟಕ್ಕೆ ಲಾರ್ಪ್ ಎನ್ನುತ್ತಾರೆ, ಚಿಕ್ಕಮ್ಮ ಹೋಗುತ್ತಿದ್ದದ್ದು ಇದಕ್ಕೇ ಅಲ್ಲವಾ ಎಂದು ಕೇಳಿದಿರಿ. "ಅಜ್ಜಿ, ನೀನೂ ಹೋಗ್ತಿದ್ದಿ ಅಂತ ಅಮ್ಮ ಹೇಳಿದ್ಳು. ತಲವಾರ್ ಹಿಡ್ದಿದ್ಯಾ?" ಎಂದು ನಕ್ಕಿರಿ.

ಕತ್ತಿ ಹಿಡಿಯಲಿಲ್ಲ, ಚಾಪೆ ಹಿಡಿದೆ ಎಂದು ಹೇಳಬೇಕೆಂದಿದ್ದೆ. ಆದರೆ ಮನೆಯಲ್ಲಿ ಜನ ಇದ್ದರು. ನಾಲ್ಕು ಜನ ನನ್ನ ಬಾಯಿಯನ್ನೇ ನೋಡಿದರೆ ನನಗೆ ಮಾತು ಹೊರಡುವುದಿಲ್ಲ, ಚಿಕ್ಕಂದಿನಿಂದಲೂ ಹಾಗೆಯೇ. ಊರಿನ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಕಲಿತದ್ದರಿಂದ ಬರೆಯಲು ಬರುತ್ತದೆ. ನಿಮಗೆ ಓದಲು ಕಷ್ಟವಾದರೆ ನಿಮ್ಮ ಅಮ್ಮ ಓದಿ ಹೇಳಲಿ.

ಮೊದಲು ನಿಮ್ಮ ಅಜ್ಜನ ವಿಷಯ ಹೇಳಬೇಕು. ಅದು ಗೊತ್ತಿಲ್ಲದಿದ್ದರೆ ನನ್ನ ಹೆದರಿಕೆ ನಿಮಗೆ ಅರ್ಥವಾಗಲಿಕ್ಕಿಲ್ಲ. ಅವರು ಮುಂಬಯಿ ಹತ್ತಿರದ ಕಲ್ಯಾಣದ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಒಂದು ಮಧ್ಯಾಹ್ನ ಎದೆ ಭಾರ ಎಂದು ಮಾಲೀಕರಿಗೆ ಹೇಳಿ ಠಾಣೆ ಊರಿನ ನಮ್ಮ ಮನೆಗೆ ಹೊರಟವರು ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಒರಗಿದರು. ನೋಡಿದವರೆಲ್ಲ ನಿದ್ದೆ ಬಂದಿದೆ ಎಂದುಕೊಂಡರು. ಯಾರೋ ಪುಣ್ಯಾತ್ಮರು ಬಿಸಿಲು ಬೀಳದ ಹಾಗೆ ಅವರ ಮುಖಕ್ಕೆ ಪೇಪರು ಮುಚ್ಚಿದ್ದರು, ಕೈಚೀಲವನ್ನು ತಲೆಯಡಿಗೆ ಇಟ್ಟಿದ್ದರು. ಸಂಜೆ ಪ್ಲಾಟ್‌ಫಾರ್ಮ್ ಗುಡಿಸಲು ಬಂದ ಹೆಂಗಸಿಗೇ ಮೊದಲು ಗೊತ್ತಾದದ್ದು. ಯಾರನ್ನು ದೂರುವುದು? ಎಲ್ಲರೂ ಒಳ್ಳೆಯದನ್ನೇ ಮಾಡಿದ್ದರು.

ಅಂದಿನಿಂದ ನನಗೆ ಕಣ್ಣು ಮುಚ್ಚಿ ಕೂತವರನ್ನು ಕಂಡರೆ ಆಗುವುದಿಲ್ಲ. ಲೋಕಲ್ ರೈಲಿನಲ್ಲಿ ಎದುರಿನ ಸೀಟಿನವಳು ತೂಕಡಿಸಿದರೆ ಅವಳ ಎದೆ ಏರಿಳಿಯುತ್ತದೆಯೇ ಎಂದು ನೋಡುತ್ತೇನೆ. ನೀವು ಚಿಕ್ಕವರಿದ್ದಾಗ ನಿಮ್ಮ ಮೂಗಿನ ಹತ್ತಿರ ಬೆರಳು ಹಿಡಿದು, ನಿದ್ದೆಯಿಂದ ಎಬ್ಬಿಸಿ, ನಿಮ್ಮ ಅಮ್ಮನ ಹತ್ತಿರ ಬೈಸಿಕೊಂಡಿದ್ದೇನೆ.

ನಿಮ್ಮ ಅಮ್ಮ ಆಗಲೇ ಮದುವೆಯಾಗಿ ನವಿ ಮುಂಬಯಿಯಲ್ಲಿದ್ದಳು. ಠಾಣೆಯ ವರ್ತಕ ನಗರದ ಮನೆಯಲ್ಲಿ ಉಳಿದದ್ದು ನಿಮ್ಮ ಚಿಕ್ಕಮ್ಮ ಮತ್ತು ನಾನು. ಚಿಕ್ಕಮ್ಮ ಅಪ್ಪನ ಬಗ್ಗೆ ಮಾತೇ ಎತ್ತುತ್ತಿರಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವುದು, ಬಂದು ಊಟ ಮಾಡುವುದು, ಅಷ್ಟೆ. ಆಮೇಲೆ ಭಾನುವಾರಗಳಂದು ಹೊರಗೆ ಹೋಗಲು ಶುರು ಮಾಡಿದಳು. ಬ್ಯಾಗಿನಲ್ಲಿ ಹಳೇ ಸೀರೆ, ಹರಿದ ಚಪ್ಪಲಿ, ಒಮ್ಮೆ ಒಂದು ಊರುಗೋಲು. ಕೇಳಿದರೆ, "ಆಟ ಅಮ್ಮ, ಡೊಂಬಿವಲಿಯಲ್ಲಿ. ನಾವು ಬೇರೆ ಜನ ಆಗ್ತೇವೆ" ಎಂದಳು.

"ನಾಟಕವಾ?"

"ನಾಟಕ ಅಲ್ಲ. ನೋಡ್ಲಿಕ್ಕೆ ಯಾರೂ ಇರುದಿಲ್ಲ."

ನನಗೆ ಇದ್ದ ನಿದ್ದೆಯೂ ಹೋಯಿತು. ನಮ್ಮೂರಲ್ಲಿ ವೇಷ ಕಟ್ಟಿದವರನ್ನು ನಾನು ಕಂಡಿದ್ದೇನೆ. ಎದುರಿಗೆ ಜನ ಇರುತ್ತಾರೆ, ಚೆನ್ನಾಗಿದ್ದರೆ ಕೂತು ನೋಡುತ್ತಾರೆ, ಇಲ್ಲವಾದರೆ ಎದ್ದು ಹೋಗುತ್ತಾರೆ. ನೋಡುವವರೇ ಇಲ್ಲದೆ ವೇಷ ಹಾಕುವುದು ಯಾತಕ್ಕೆ? ಮಂತ್ರ ಮಾಟದವರ ಗುಂಪೋ, ಮದುವೆಯಾಗದ ಹುಡುಗಿಯರನ್ನು ಮರುಳು ಮಾಡುವವರೋ ಎಂದು ಏನೇನೋ ಯೋಚನೆ ಬಂತು. ಕೆಳಗಿನ ಮನೆಯ ಮರಾಠಿ ಹೆಂಗಸೂ ಲಿಫ್ಟಿನಲ್ಲಿ ಸಿಕ್ಕಾಗ, "ನಿಮ್ಮ ಮಗಳು ಭಾನುವಾರ ಭಿಕಾರಿ ಬಟ್ಟೆ ಹಾಕ್ಕೊಂಡು ಎಲ್ಲಿಗೆ ಹೋಗ್ತಾಳೆ?" ಎಂದು ಕೇಳಿದರು. ನಾನು ನಕ್ಕು ಮಾತು ತೇಲಿಸಿದೆ.

ಒಂದು ಭಾನುವಾರ ಅವಳ ಹಿಂದೆ ನಾನೂ ಸ್ಲೋ ಲೋಕಲ್ ಹತ್ತಿದೆ. ಡೊಂಬಿವಲಿ ಪೂರ್ವದಲ್ಲಿ ಒಂದು ಶಾಲೆ, ರಜೆಯ ದಿನ ಅದರ ಹಾಲ್ ಬಾಡಿಗೆಗೆ ಕೊಡುತ್ತಿದ್ದರು. ಗೇಟಿನಲ್ಲಿದ್ದ ವಾಚ್‌ಮನ್ ವಿಜಯಪುರದ ಕಡೆಯವನು. ನನ್ನ ಹಿಂದಿ ಕೇಳಿಯೇ ಗುರುತು ಹಿಡಿದ.

"ಕನ್ನಡದವ್ರೇನ್ರಿ ಅವ್ವಾರ? ಯಾರ ಬೇಕಾಗಿತ್ತು?"

"ಇಲ್ಲಿ ಒಳಗೆ ಎಂತ ಮಾಡ್ತಾರೆ?"

"ಏನ ಹೇಳ್ಲಿರೀ. ಸುಳ್ಳ ಸುಳ್ಳ ಅಳ್ತಾರ, ಸುಳ್ಳ ಸುಳ್ಳ ಜಗಳಾ ಮಾಡ್ತಾರ. ಆಮ್ಯಾಗ ಎಲ್ಲಾರೂ ಕೂಡಿ ಚಾ ಕುಡೀತಾರ. ನಮ್ಮ ಓಣ್ಯಾಗ ಖರೇ ಖರೇ ಮಾಡ್ತಾರ, ಚಾ ಒಂದ ಕುಡಿಯಂಗಿಲ್ಲ."

ಕಿಟಕಿಯಿಂದ ನೋಡಿದೆ. ನನ್ನ ಮಗಳು ನೆಲದ ಮೇಲೆ ಮೊಣಕಾಲೂರಿ ಒಬ್ಬ ಗಂಡಸಿನ ಮುಂದೆ ಕೈಮುಗಿದು ಅಳುತ್ತಿದ್ದಳು. ಮನೆ ಖಾಲಿ ಮಾಡಿಸಬೇಡಿ ಎಂದು ಬೇಡುತ್ತಿದ್ದಳು. ನಿಜವಾದ ಕಣ್ಣೀರು, ಕೆನ್ನೆಯಿಂದ ಇಳಿದು ಕುತ್ತಿಗೆಯವರೆಗೆ ಬಂದಿತ್ತು. ನಾನು ಕಿಟಕಿಯ ಸರಳು ಹಿಡಿದುಕೊಂಡೆ. ಸುತ್ತ ಹತ್ತು ಹದಿನೈದು ಜನ ಇದ್ದರೂ ಯಾರೊಬ್ಬರೂ ಅವಳ ಹತ್ತಿರ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಯಾರೋ ಚಪ್ಪಾಳೆ ತಟ್ಟಿದರು. ಅವಳು ಎದ್ದು ಮೂಗು ಒರೆಸಿಕೊಂಡು, ಅದೇ ಗಂಡಸಿನ ಬೆನ್ನಿಗೆ ಗುದ್ದಿ ನಕ್ಕಳು.

ಚಾ ಕುಡಿಯಲು ಹೊರಗೆ ಬಂದವಳು ನನ್ನನ್ನು ಕಂಡು ನಿಂತುಬಿಟ್ಟಳು. "ಅಮ್ಮ, ನೀನು ಎಂತಕ್ಕೆ ಬಂದದ್ದು?"

ಅವಳ ಹಿಂದೆಯೇ ಬಂದವರು ಆಟ ನಡೆಸುವ ಮರಾಠಿ ಮಾಸ್ತರು. ಎಲ್ಲರೂ ಅವರನ್ನು ದಾದಾ ಎನ್ನುತ್ತಿದ್ದರು, ಎಂದರೆ ಅಣ್ಣ. ಅವರು ನನ್ನನ್ನು ಬೈಯುತ್ತಾರೆಂದುಕೊಂಡೆ. ಅವರು, "ಕಾಕೂ, ಯಾ ನಾ, ಬಸಾ" ಎಂದು ಮನೆಯ ಹಿರಿಯ ಹೆಂಗಸನ್ನು ಕರೆಯುವ ಹಾಗೆ ಒಳಗೆ ಕರೆದು, ಕೂರಲು ಬಾಗಿಲ ಹತ್ತಿರ ಹಾಸಿದ್ದ ಒಂದು ಚಾಪೆ ತೋರಿಸಿದರು.

ಆ ಚಾಪೆಯ ವಿಷಯ ಹೀಗೆ. ಬೇರೆ ಊರಿನ ಗುಂಪುಗಳಲ್ಲಿ ರಾಜ ರಾಕ್ಷಸರ ಯುದ್ಧ ಇರುತ್ತದೆ, ಗೆಲ್ಲುವವರು ಸೋಲುವವರು ಇರುತ್ತಾರೆ. ಇವರದು ಸಾಧಾರಣ ಜನರ ಆಟ. ಬಾಡಿಗೆ ಮನೆಯವರು, ಆಸ್ಪತ್ರೆಯ ಹೊರಗೆ ಕಾಯುವವರು, ಕೆಟ್ಟು ನಿಂತ ಲೋಕಲಿನ ಹೆಂಗಸರ ಬೋಗಿಯವರು. ಮೂರು ನಾಲ್ಕು ಗಂಟೆ ಆ ಜನವಾಗಿಯೇ ಇರಬೇಕು. ಒಬ್ಬರ ಅಳುವಿಗೆ ಇನ್ನೊಬ್ಬರು ಅಡ್ಡ ಬರಬಾರದು, ಏನಾಯಿತು ಎಂದು ಕೇಳಬಾರದು. ಸಾಕೆನಿಸಿದವರಿಗೆ ಹೋಗಲು ಇದ್ದದ್ದು ಒಂದೇ ಜಾಗ, ಆ ಚಾಪೆ. ಚಾಪೆಗೆ ಬಂದು ಕೂತರೆ ಅವರು ಆಟದಿಂದ ಹೊರಗೆ. ಯಾಕೆ ಬಂದಿ ಎಂದು ಯಾರೂ ಕೇಳುವ ಹಾಗಿಲ್ಲ.

ಚಾಪೆಯ ಮೇಲೆ ಆಟದವರಲ್ಲದ ಒಬ್ಬರು ಕೂತಿರಬೇಕು, ಯಾರದಾದರೂ ಮನೆಯ ಹಿರಿಯರು. ಅವರಿಗೆ ಅಂದಿನ ಆಟದ ಕತೆ ಹೇಳುವುದಿಲ್ಲ. ಕತೆ ಗೊತ್ತಿದ್ದರೆ ಕಣ್ಣು ಆಟವನ್ನು ನೋಡುತ್ತದೆ, ಗೊತ್ತಿಲ್ಲದಿದ್ದರೆ ಮನುಷ್ಯನನ್ನು ನೋಡುತ್ತದೆ ಎಂದು ದಾದಾ ಹೇಳಿದರು. ಅಲ್ಲಿಯವರೆಗೆ ಕೂರುತ್ತಿದ್ದವರು ಒಬ್ಬ ಹುಡುಗಿಯ ತಾತ. ಅವರಿಗೆ ಮಂಡಿನೋವು ಹೆಚ್ಚಾಗಿ ಬರಲಾಗುತ್ತಿರಲಿಲ್ಲ. ನೀವು ಕೂರುತ್ತೀರಾ ಎಂದು ನನ್ನನ್ನು ಕೇಳಿದರು. ನನಗೆ ಇಲ್ಲ ಎನ್ನಲೂ ಬಾಯಿ ಬರಲಿಲ್ಲ. ಕೂತರೆ ಮಗಳು ಕಣ್ಣೆದುರಿಗೆ ಇರುತ್ತಾಳೆ ಎಂಬ ಆಸೆಯೂ ಇತ್ತು.

ಹಾಗೆ ಭಾನುವಾರಗಳಂದು ನಾನೂ ಹೊರಟೆ. ಚಾಪೆಗೆ ಬಂದವರಿಗೆ ಒಂದು ತುಂಡು ಬೆಲ್ಲ, ಒಂದು ಲೋಟ ನೀರು ಕೊಡುತ್ತಿದ್ದೆ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕೊಡುವುದು ಅದೇ ಅಲ್ಲವೇ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ದಪ್ಪನೆಯ ಯುವಕ ಪ್ರತಿ ಆಟದಲ್ಲೂ ಬಂದು ಕೂರುತ್ತಿದ್ದ. "ಕಾಕೂ, ನನಗೇನೂ ಆಗಿಲ್ಲ, ಬೆಲ್ಲಕ್ಕೆ ಬಂದೆ" ಎಂದು ಕಿವಿಯಲ್ಲಿ ಹೇಳುತ್ತಿದ್ದ. ಚಿಕ್ಕಮ್ಮ ಮನೆಗೆ ಬರುವಾಗ, "ನೀನು ಕೂತ ಮೇಲೆ ಆಟದಲ್ಲಿ ಅರ್ಧ ಜನ ಚಾಪೆಯಲ್ಲೇ ಇರ್ತಾರೆ" ಎಂದು ಗೇಲಿ ಮಾಡುತ್ತಿದ್ದಳು. ಅವಳು ಮಾತ್ರ ಒಮ್ಮೆಯೂ ಬರಲಿಲ್ಲ.

ನನ್ನ ಹೆದರಿಕೆ ಹೋಯಿತೆಂದು ತಿಳಿಯಬೇಡಿ. ಅದಕ್ಕೊಂದು ಆಕಾರ ಬಂತು, ಅಷ್ಟೆ. ಎಲ್ಲರೂ ಸುಳ್ಳು ಅಳು ಅಳುವ ಜಾಗದಲ್ಲಿ ಒಬ್ಬರಿಗೆ ನಿಜವಾಗಿ ಏನಾದರೂ ಆದರೆ ಯಾರಿಗೆ ಗೊತ್ತಾಗುತ್ತದೆ? ಒಮ್ಮೆ ಧೈರ್ಯ ಮಾಡಿ ದಾದಾರನ್ನು ಕೇಳಿದೆ. "ಅದಕ್ಕೇ ಚಾಪೆ ಇದೆಯಲ್ಲ ಕಾಕೂ, ಅವರೇ ಬರುತ್ತಾರೆ" ಎಂದರು. ನಾನು ತಲೆಯಾಡಿಸಿದೆ. ಆದರೆ ಬರಲಾಗದವರು ಏನು ಮಾಡಬೇಕು ಎಂಬುದು ನನ್ನ ಗಂಟಲಲ್ಲೇ ಉಳಿಯಿತು.

ಮಾರನೆಯ ವರ್ಷ ಚಿಕ್ಕಮ್ಮ ತಾನೇ ಒಂದು ಆಟ ಬರೆದಳು. ಒಂದು ಹೋಟೆಲು, ಬಾಗಿಲು ಮುಚ್ಚುವ ಕೊನೆಯ ದಿನ. ಗಲ್ಲಾದ ಮೇಲೆ ಕೂರುವವಳು ತಾನೇ. ಅಷ್ಟು ಮಾತ್ರ ಹೇಳಿದಳು. ನಿಮ್ಮ ಅಮ್ಮನಿಗೆ ಇದು ಗೊತ್ತಾಗಿ ಫೋನಿನಲ್ಲಿ ಜೋರು ಮಾಡಿದಳು: "ಅವಳಿಗೆ ಮರುಳಾ? ಅಪ್ಪನ ವಿಷಯ ಎಲ್ಲ ಆಟ ಆಡ್ಲಿಕ್ಕಾ? ನೀನಾದ್ರೂ ಹೇಳ್ಬಾರ್ದಾ ಅಮ್ಮ?"

ಹೇಳಿದೆ. ದೋಸೆ ಹಾಕುತ್ತಾ, ಅವಳ ಮುಖ ನೋಡದೆ ಹೇಳಿದೆ. "ಅದೊಂದು ಬೇಡ ಮಗಾ."

"ನೀನು ಚಾಪೆಯ ಮೇಲೆ ಇರ್ತಿಯಲ್ಲ" ಎಂದಳು. ಅಷ್ಟೇ ಹೇಳಿ ತಟ್ಟೆ ಮುಂದಿಟ್ಟಳು.

ಆ ಭಾನುವಾರ ಶಾಲೆಯ ಡೆಸ್ಕುಗಳನ್ನು ಜೋಡಿಸಿ ಹೋಟೆಲಿನ ಟೇಬಲ್ ಮಾಡಿದ್ದರು. ಒಂದು ಡೆಸ್ಕಿನ ಮೇಲೆ ಬಡೀಸೋಪಿನ ಬಟ್ಟಲು, ಅದೇ ಗಲ್ಲಾ. ಚಿಕ್ಕಮ್ಮ ನಿಮ್ಮ ಅಜ್ಜನ ಬಿಳಿ ಅರ್ಧ ತೋಳಿನ ಅಂಗಿ ಹಾಕಿಕೊಂಡಿದ್ದಳು. ಅದನ್ನು ಯಾವಾಗ ಕಪಾಟಿನಿಂದ ತೆಗೆದಳೋ ನನಗೆ ಗೊತ್ತಿಲ್ಲ. "ಏ ಸಾತ್ ನಂಬರ್, ಎರಡು ಸಾದಾ ಒಂದು ಮಸಾಲೆ, ನಿದ್ದೆ ಮಾಡ್ತೀಯಾ ಅಲ್ಲಿ?" ಎಂದು ವೇಟರನ್ನು ಗದರಿಸಿದಳು. ಮಾತಿನ ಕೊನೆಯಲ್ಲಿ ಕನ್ನಡಕದ ಮೇಲಿನಿಂದ ನೋಡುವುದು, ಬಡೀಸೋಪು ಬಾಯಿಗೆ ಹಾಕಿಕೊಳ್ಳುವ ರೀತಿ, ಎಲ್ಲ ಅವರದೇ. ನಾನು ಸೆರಗು ಬಾಯಿಗಿಟ್ಟು ಕೂತಿದ್ದೆ. ಒಳ್ಳೆಯದಾಗುತ್ತಿದೆಯೋ ಕೆಟ್ಟದಾಗುತ್ತಿದೆಯೋ ತಿಳಿಯಲಿಲ್ಲ.

ಒಂದೆರಡು ಗಂಟೆ ಕಳೆದ ಮೇಲೆ ಅವಳು ಗಲ್ಲಾದಿಂದ ಎದ್ದಳು. ಗೋಡೆಯ ಹತ್ತಿರ ಒಂದು ಬೆಂಚಿತ್ತು. ಅದರ ಮೇಲೆ ಕೂತು, ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದಳು.

ಆಟ ನಡೆದೇ ಇತ್ತು. ವೇಟರುಗಳು ದನಿ ತಗ್ಗಿಸಿದರು. ಗಿರಾಕಿಗಳಾದವರು ಅವಳ ಕಡೆ ಒಮ್ಮೆ ನೋಡಿ ತಿರುಗಿದರು. ಆ ದಿನ ವೇಟರಾಗಿದ್ದ ಬ್ಯಾಂಕಿನ ಯುವಕ ಹೆಗಲ ಮೇಲಿದ್ದ ಟವೆಲನ್ನು ಮಡಿಸಿ, ಮೆತ್ತಗೆ ಅವಳ ತಲೆಯ ಹಿಂದಿಟ್ಟು, ಸದ್ದು ಮಾಡದೆ ಸರಿದು ಹೋದ.

ನಾನು ಅವಳ ಎದೆಯನ್ನೇ ನೋಡತೊಡಗಿದೆ.

ಕಿಟಕಿಯಲ್ಲಿ ನಿಂತಿದ್ದ ವಾಚ್‌ಮನ್, "ಅವ್ವಾರ, ನಿಮ್ಮ ಮಗಳು ಎಷ್ಟ ಚಂದ ಮಾಡ್ತಾಳ ನೋಡ್ರಿ" ಎಂದ. ಇದು ಕತೆಯಲ್ಲಿ ಇದೆಯೋ ಇಲ್ಲವೋ ನನಗೆ ಹೇಳಿರಲಿಲ್ಲ. ಇದ್ದರೆ, ನಾನು ಓಡಿಹೋದರೆ, ಇಷ್ಟು ದಿನ ಕೂತು ಬರೆದ ಆಟವನ್ನು ತಾಯಿಯೇ ಎಲ್ಲರ ಎದುರು ಹಾಳು ಮಾಡಿದ ಹಾಗೆ. ಆಮೇಲೆ ಅವಳು ಅಪ್ಪನ ಹೆಸರನ್ನು ನನ್ನ ಮುಂದೆ ಎತ್ತುವುದೇ ಇಲ್ಲ. ಇಲ್ಲದಿದ್ದರೆ? ಎದೆ ಏರಿಳಿಯುತ್ತಿತ್ತು, ಅದು ನನಗೆ ಕಾಣುತ್ತಿತ್ತು, ಆದರೆ ತುಂಬಾ ಬೇಗ ಬೇಗ. ಮಡಿಲಲ್ಲಿದ್ದ ಕೈಯ ಬೆರಳುಗಳು ಒಳಕ್ಕೆ ಮಡಚಿ ಹಕ್ಕಿಯ ಕಾಲಿನ ಹಾಗೆ ಆಗಿದ್ದವು. ನಿಮ್ಮ ಅಜ್ಜ ಹಾಗೆ ಬೆರಳು ಮಡಚುತ್ತಿರಲಿಲ್ಲ. ಅದು ಅವರಿಂದ ಕಲಿತದ್ದಲ್ಲ.

ಚಾಪೆಯಲ್ಲಿ ಕೂತವರು ಚಾಪೆ ಬಿಟ್ಟು ಏಳಬಾರದು. ನನಗೆ ಹೇಳಿದ್ದ ನಿಯಮ ಅದೊಂದೇ. ಬಿಟ್ಟು ಹೋಗಲು ನನಗೆ ಧೈರ್ಯ ಬರಲಿಲ್ಲ. ನೀವು ನಗಬಹುದು. ಮಗಳ ಜೀವದ ಯೋಚನೆ ಇರುವಾಗಲೂ ನನಗೆ, ಇಷ್ಟು ಜನರ ನಡುವೆ ನಿಯಮ ಮುರಿದೆ ಎನಿಸಿಕೊಳ್ಳುವ ನಾಚಿಕೆ. ಎದ್ದು ನಿಂತೆ. ಚಾಪೆಯನ್ನು ಸುರುಳಿ ಸುತ್ತಿದೆ. ಕಂಕುಳಲ್ಲಿ ಇಟ್ಟುಕೊಂಡೆ. ಚಾಪೆ ನನ್ನ ಜೊತೆಗೇ ಇದ್ದರೆ ಬಿಟ್ಟು ಹೋದ ಹಾಗೆ ಆಗುವುದಿಲ್ಲವಲ್ಲ ಎಂದು ಆ ಹೊತ್ತಿಗೆ ಹೊಳೆದದ್ದು ಅಷ್ಟೆ.

ಹೋಟೆಲಿನೊಳಗೆ ನಡೆದೆ. ಎಲ್ಲರೂ ನನ್ನನ್ನು ನೋಡುತ್ತಿದ್ದರು. ಒಬ್ಬ ಹುಡುಗಿ ಆಟದಲ್ಲೇ ಇದ್ದುಕೊಂಡು, "ಕಾಕೂ, ಟೇಬಲ್ ಖಾಲಿ ಇಲ್ಲ, ಹೊರಗೆ ಕಾಯಿರಿ" ಎಂದಳು.

"ನನಗೆ ಟೇಬಲ್ ಬೇಡ" ಎಂದೆ. ಆ ಹಾಲಿನಲ್ಲಿ ನಾನು ಎಲ್ಲರಿಗೂ ಕೇಳುವ ಹಾಗೆ ಆಡಿದ ಮೊದಲ ಮಾತು ಅದು.

ಬೆಂಚಿನ ಬುಡದಲ್ಲಿ ಚಾಪೆ ಬಿಡಿಸಿ ಕೂತೆ. ಅವಳನ್ನು ಮುಟ್ಟಲಿಲ್ಲ, ಹೆಸರು ಹಿಡಿದು ಕರೆಯಲೂ ಇಲ್ಲ. "ಚಾಪೆ ಇಲ್ಲುಂಟು" ಎಂದು ಮೆಲ್ಲಗೆ ಹೇಳಿದೆ.

ಒಂದು ಕ್ಷಣ ಏನೂ ಆಗಲಿಲ್ಲ. ಆಟವೇ ಇರಬೇಕು, ನಾನು ಮರ್ಯಾದೆ ಕಳೆದೆ ಎಂದುಕೊಂಡೆ. ಅಷ್ಟರಲ್ಲಿ ಅವಳು ಬೆಂಚಿನಿಂದ ಜಾರಿದಳು. ಕೂತದ್ದಲ್ಲ, ಗೋಣಿ ಬಿದ್ದ ಹಾಗೆ ನನ್ನ ಮೇಲೆ ಬಿದ್ದಳು. ಕೈ ಬೆವರಿ ಒದ್ದೆ, ಬೆರಳು ಬಿಡಿಸಲು ಬರುತ್ತಿರಲಿಲ್ಲ. "ಅಮ್ಮ, ಏಳ್ಲಿಕ್ಕೆ ಆಗ್ಲೇ ಇಲ್ಲ" ಎಂದಳು. "ಚಾಪೆ ಕಾಣ್ತಿತ್ತು. ಕಾಲು ಬರ್ಲಿಲ್ಲ."

ದಾದಾ ಓಡಿಬಂದು ಚಪ್ಪಾಳೆ ತಟ್ಟಿ ಆಟ ನಿಲ್ಲಿಸಿದರು. ರಿಕ್ಷಾದಲ್ಲಿ ಹತ್ತಿರದ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆವು. ಹೃದಯದ್ದೇನೂ ಅಲ್ಲ, ಗಾಬರಿಗೆ ಉಸಿರು ಮೇಲಿಂದ ಮೇಲೆ ಎಳೆದುಕೊಂಡದ್ದರಿಂದ ಬೆರಳು ಸೆಟೆದಿದೆ, ಹೀಗೂ ಆಗುತ್ತದೆ ಎಂದರು. ನಾನು ನಂಬಲಿಲ್ಲ. ಇಸಿಜಿ ತೆಗೆಸಿ, ಆ ಕಾಗದವನ್ನು ಇನ್ನೊಬ್ಬ ಡಾಕ್ಟರಿಗೆ ತೋರಿಸಿದ ಮೇಲೂ ಪೂರ್ತಿ ನಂಬಲಿಲ್ಲ.

ಆ ಸಂಜೆ ಡೊಂಬಿವಲಿ ಸ್ಟೇಷನ್ನಿನಲ್ಲಿ ಜನ ಕಡಿಮೆಯಾಗಲಿ ಎಂದು ನಾವಿಬ್ಬರೂ ನಿಂತಿದ್ದೆವು. ಕೂರಲು ಜಾಗವಿತ್ತು, ಇಬ್ಬರೂ ಕೂರಲಿಲ್ಲ.

"ಬೆಂಚಿನದ್ದು ಕತೆಯಲ್ಲಿ ಇತ್ತಾ?" ಎಂದು ಕೇಳಿದೆ.

"ಕೂತ್ಕೊಳ್ಳುವವರೆಗೆ ಇತ್ತು. ಅಪ್ಪನಿಗೆ ಅಲ್ಲಿ ಹೇಗಾಯ್ತು ಅಂತ ನೋಡ್ಬೇಕಿತ್ತು ನಂಗೆ. ಎದ್ದು ಮತ್ತೆ ಗಲ್ಲಾಕ್ಕೆ ಬರ್ಬೇಕು ಅಂತ ಬರ್ದಿದ್ದೆ." ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿಕೊಂಡಳು. "ಟವೆಲ್ ಇಟ್ಟಾಗ ಗೊತ್ತಾಯ್ತಮ್ಮ. ಎಲ್ಲ ಕೇಳ್ತಾ ಇರ್ತದೆ. ಎಲ್ಲರೂ ಎಷ್ಟು ಒಳ್ಳೇವ್ರು ಅಂತ ಅನಿಸ್ತದೆ. ಯಾರೂ ಬರುದಿಲ್ಲ."

ಎರಡು ಗಾಡಿ ಬಿಟ್ಟು ಮೂರನೆಯದಕ್ಕೆ ಹತ್ತಿದೆವು. ಅಪ್ಪನ ವಿಷಯ ಅವಳು ನನ್ನ ಹತ್ತಿರ ಮಾತಾಡಿದ್ದು ಅದೇ ಮೊದಲು. ಠಾಣೆ ಬರುವವರೆಗೂ ಮಾತಾಡಿದಳು.

ನಿಮ್ಮ ಅಮ್ಮ ಮರುದಿನವೇ ಬಂದು, ಇನ್ನು ಆ ಗುಂಪಿಗೆ ಹೋದರೆ ಜಾಗ್ರತೆ ಎಂದಳು. ನನಗೂ ಅದೇ ಬೇಕಿತ್ತು. ಆದರೆ ಚಿಕ್ಕಮ್ಮ ಹೋಗುತ್ತೇನೆಂದಳು. ತಡೆದರೆ ನಿಲ್ಲುವ ವಯಸ್ಸಲ್ಲ. ಹೋಗುವುದಾದರೆ ಚಾಪೆ ಬಾಗಿಲಲ್ಲಿ ಬಿದ್ದುಕೊಂಡಿರಬಾರದು, ನಾನು ಎತ್ತಿಕೊಂಡು ತಿರುಗುತ್ತೇನೆ, ಅದಕ್ಕೆ ದಾದಾ ಒಪ್ಪಬೇಕು ಎಂದೆ. ನಾನೇ ಫೋನು ಮಾಡಿ ಹೇಳಿದೆ. ಹೇಳಬೇಕಾದ್ದನ್ನು ಮೊದಲೇ ಬಾಯಿಪಾಠ ಮಾಡಿಕೊಂಡಿದ್ದೆ.

ದಾದಾ ಎಲ್ಲರನ್ನೂ ಸೇರಿಸಿದರು. ಬ್ಯಾಂಕಿನ ಯುವಕ ತಲೆ ತಗ್ಗಿಸಿ ಕೂತಿದ್ದ. "ಟವೆಲ್ ಇಡುವಾಗ ನಾನು ಅಂದುಕೊಂಡೆ, ಎಷ್ಟು ಚೆನ್ನಾಗಿ ಮಾಡುತ್ತಿದ್ದಾಳೆ, ನಾನೂ ಅಷ್ಟೇ ಚೆನ್ನಾಗಿ ಮಾಡಬೇಕು ಅಂತ" ಎಂದ. ಆ ದಿನ ಅವನು ಬೆಲ್ಲ ಮುಟ್ಟಲಿಲ್ಲ. ಗುರುತಿನವರಾದ ಬೇರೆ ಯಾವ ಜನರೂ ಇಂಥ ತಪ್ಪು ಮಾಡಲಿಕ್ಕಿಲ್ಲ. ಇನ್ನೊಬ್ಬರ ದುಃಖಕ್ಕೆ ಅಷ್ಟು ಮರ್ಯಾದೆ ಕೊಡುವುದನ್ನು ಅವರು ಕಲಿತಿದ್ದರು, ಅದಕ್ಕೇ ಹೀಗಾಯಿತು.

ಅಂದಿನಿಂದ ನಮ್ಮ ಗುಂಪಿನಲ್ಲಿ ಚಾಪೆ ಎದ್ದು ಬರುತ್ತದೆ. ಯಾರಾದರೂ ಬಹಳ ಹೊತ್ತು ಅಲುಗದೆ ಕೂತರೆ ಚಾಪೆಯವರು ಹೋಗಿ ಪಕ್ಕದಲ್ಲಿ ಹಾಸಿ ಕೂರುತ್ತಾರೆ. ಮುಟ್ಟುವುದಿಲ್ಲ, ಕೇಳುವುದಿಲ್ಲ. ಬೇಕಿದ್ದವರು ಇಳಿದು ಬರುತ್ತಾರೆ, ಬೇಡದವರು ಆಟ ಮುಂದುವರಿಸುತ್ತಾರೆ. ಇದರಿಂದ ಆಟ ಕೆಡುತ್ತದೆ, ಅದು ನಿಜ. ಹತ್ತು ಸಲ ಹಾಸಿದರೆ ಒಂಬತ್ತು ಸಲ ಸುಮ್ಮನೆ ಹಾಸಿದ್ದೇ ಆಗುತ್ತದೆ. ಒಮ್ಮೆ ಖಾರ್ಘರಿನಲ್ಲಿ ಆಡಿದಾಗ ಬೇರೆ ಗುಂಪಿನವರು ನೋಡಲು ಬಂದಿದ್ದರು. ಸಾವಿನ ಮನೆಯ ಆಟ, ಎಲ್ಲರೂ ಮಾತಿಲ್ಲದೆ ಕೂತಿದ್ದರು. ನಡುವೆ ನಾನು ಚಾಪೆ ಹೊತ್ತುಕೊಂಡು ತಿರುಗುವುದನ್ನು ಕಂಡು ಅವರಲ್ಲೊಬ್ಬರು, "ಈ ಅಜ್ಜಿ ಎಲ್ಲ ಸೀನೂ ಹಾಳು ಮಾಡುತ್ತಿದ್ದಾರಲ್ಲ" ಎಂದರು. ದಾದಾ ನಕ್ಕರು. "ಹೌದು. ನಮ್ಮಲ್ಲಿ ಹಾಳಾಗುತ್ತದೆ. ಹಾಳಾಗಬಾರದು ಎನ್ನುವವರಿಗೆ ಬೇರೆ ಗುಂಪುಗಳಿವೆ" ಎಂದರು. ನನಗೆ ನಾಚಿಕೆಯಾಗಿ ಸೆರಗು ಎಳೆದುಕೊಂಡೆ. ಆದರೂ ತಿರುಗುವುದನ್ನು ನಿಲ್ಲಿಸಲಿಲ್ಲ.

ನಿಮ್ಮ ವಿಡಿಯೋದ ಕತ್ತಿಯವರಿಗೂ ನಮಗೂ ಏನು ವ್ಯತ್ಯಾಸ ಎಂದು ಕೇಳಿದರೆ ನನಗೆ ಗೊತ್ತಿರುವುದು ಇಷ್ಟೇ.

ಅದೇ ಖಾರ್ಘರಿನ ಆಟದಲ್ಲಿ ಚಿಕ್ಕಮ್ಮ ಮೂಲೆಯಲ್ಲಿ ಗೋಡೆಗೊರಗಿ ಕಣ್ಣು ಮುಚ್ಚಿ ಕೂತಿದ್ದಳು. ನಾನು ದೂರದಿಂದ ನೋಡಿದೆ, ತಡೆಯಲಾಗಲಿಲ್ಲ, ಹೋಗಿ ಪಕ್ಕದಲ್ಲಿ ಚಾಪೆ ಹಾಸಿದೆ. ಅವಳು ಒಂದೇ ಕಣ್ಣು ತೆರೆದು ತುಟಿ ಅಲುಗಿಸದೆ, "ಆಕ್ಟಿಂಗ್ ಅಮ್ಮ. ಹೋಗು" ಎಂದಳು.

"ಆಯ್ತು, ನೀನು ಮಾಡು" ಎಂದೆ. ಆದರೆ ಏಳಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡಳು. ಅವಳ ಉಸಿರು ನನಗೆ ಕೇಳುವಷ್ಟು ಹತ್ತಿರ ಸರಿದು, ಅಲ್ಲೇ ಕೂತೆ.